ಮನೆಶಾಲೆಗೆ ಪುಸ್ತಕ ಕೊಳ್ಳುವ ಮುನ್ನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಂದೆ-ತಾಯಿಯರು ಮುಂದಿನ ವರ್ಷದ ಪುಸ್ತಕ, ಸಾಮಗ್ರಿಗಳ ಪಟ್ಟಿ ಮಾಡಲು ಕೂತಾಗ ಸಿಗುವ ಸಲಹೆಗಳೆಲ್ಲ ‘ಯಾವ ಪಠ್ಯಕ್ರಮ ಒಳ್ಳೆಯದು’ ಎಂಬ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತವೆ. ಒಳ್ಳೆಯ ಪಠ್ಯಕ್ರಮಗಳಿಗೆ ಬರವಿಲ್ಲ. ಹಾಗಿದ್ದೂ ಎಷ್ಟೋ ಪುಸ್ತಕಗಳು ಅರ್ಧ ವರ್ಷಕ್ಕೇ ಮೂಲೆ ಸೇರುವುದು ಮಗುವಿನ ಮಟ್ಟಕ್ಕೂ ಕಲಿಸುವವರ ಬಿಡುವಿಗೂ ಅವು ತಾಳೆಯಾಗದ ಕಾರಣಕ್ಕೆ. ಎರಡನ್ನೂ ದುಡ್ಡು ಕೊಡುವ ಮೊದಲೇ ಅಳೆಯಬಹುದು.

ಮುಖಪುಟದ ಮೇಲಿನ ತರಗತಿಯ ಅಂಕಿಯನ್ನು ನಂಬಬೇಡಿ. ಒಬ್ಬರ ಮೂರನೇ ಪುಸ್ತಕದಲ್ಲಿ ಭಿನ್ನರಾಶಿ ಬಂದು ಹೋಗಿರುತ್ತದೆ, ಇನ್ನೊಬ್ಬರ ಸರಣಿಯಲ್ಲಿ ನಾಲ್ಕನೇ ಪುಸ್ತಕದವರೆಗೂ ಅದರ ಸುಳಿವಿರುವುದಿಲ್ಲ. ಹಲವು ಗಣಿತ ಸರಣಿಗಳಿಗೆ ಮಟ್ಟ ಅಳೆಯುವ ಪರೀಕ್ಷೆ ಉಚಿತವಾಗಿ ಸಿಗುತ್ತದೆ. ಸಿಗದಿದ್ದರೆ ಹಿಂದಿನ ಮಟ್ಟದ ಕೊನೆಯ ಪರೀಕ್ಷೆಯನ್ನೇ ಬಳಸಿ. ಮಗು ಎಲ್ಲಿದೆ ಎಂದು ನಿಮಗೆ ಅನಿಸುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ಎರಡು ದಿನಕ್ಕೆ ಹಂಚಿ, ಪಕ್ಕದಲ್ಲಿ ಕೂತು ಸುಳಿವು ಕೊಡಬೇಡಿ. ಉತ್ತರದ ಜೊತೆಗೆ ಮಗು ಅದನ್ನು ಹೇಗೆ ತೆಗೆಯಿತು ಎಂಬುದನ್ನೂ ಗಮನಿಸಿ. ಏಳಕ್ಕೆ ಎಂಟು ಕೂಡಿಸಲು ಬೆರಳೆಣಿಸಿ 15 ಎನ್ನುವ ಮಗುವಿನ ಉತ್ತರ ಸರಿಯೇ. ಆದರೆ ಮುಂದಿನ ಪುಸ್ತಕದ ಮೂರಂಕಿ ಕೂಡುವ ಲೆಕ್ಕದಲ್ಲಿ ಬಿಡಿಸ್ಥಾನದ ಬೆರಳೆಣಿಕೆ ಮುಗಿಯುವಷ್ಟರಲ್ಲಿ ದಶಕ ಒಯ್ಯಬೇಕೆಂಬುದೇ ಅದಕ್ಕೆ ಮರೆತುಹೋಗಿರುತ್ತದೆ. ಹತ್ತಕ್ಕೆ ಒಂಬತ್ತು ಸಲೀಸಾಗಿ ಬಂದರೆ ಮುಂದಿನ ಪುಸ್ತಕ ಕೊಳ್ಳಿ. ಏಳೆಂಟು ಬಂದರೆ ತಪ್ಪಾದ ಅಧ್ಯಾಯಗಳನ್ನಷ್ಟೇ ಮತ್ತೆ ಹೇಳಿಕೊಟ್ಟು ಮುಂದೆ ಹೋಗಿ. ಅದಕ್ಕೂ ಕಡಿಮೆಯಾದರೆ ಕೆಳಗಿನ ಪುಸ್ತಕವೇ ಸರಿ.

ಓದಿಗೆ ಇನ್ನೂ ಸುಲಭದ ಅಳತೆಯಿದೆ. ಸುಮಾರು ನೂರು ಪದಗಳಿರುವ ಒಂದು ಪುಟ ಓದಿಸಿ. ಐದಕ್ಕಿಂತ ಹೆಚ್ಚು ಪದಗಳಲ್ಲಿ ಎಡವಿದರೆ ಅದು ಮಗು ಒಂಟಿಯಾಗಿ ಓದುವ ಪುಸ್ತಕವಲ್ಲ, ನೀವು ಓದಿ ಹೇಳುವ ಪುಸ್ತಕ. ಒಂದೇ ಮಗು ಗಣಿತದಲ್ಲಿ ನಾಲ್ಕನೇ ಮಟ್ಟದಲ್ಲಿದ್ದು ಓದಿನಲ್ಲಿ ಎರಡನೆಯದರಲ್ಲಿರುವುದು ತೀರಾ ಸಾಮಾನ್ಯ. ಎಲ್ಲ ವಿಷಯಗಳೂ ಒಂದೇ ಪೆಟ್ಟಿಗೆಯಲ್ಲಿ ಬರುವ ಪೂರ್ತಿ ಸೆಟ್ಟುಗಳು ತೊಡಕಾಗುವುದು ಇಲ್ಲೇ. ಗಣಿತಕ್ಕೆ ಹೊಂದುವ ಸೆಟ್ ತಂದರೆ ಓದಿನ ಪುಸ್ತಕ ಕಬ್ಬಿಣದ ಕಡಲೆಯಾಗುತ್ತದೆ, ಓದಿಗೆ ಹೊಂದುವುದನ್ನು ತಂದರೆ ಗಣಿತ ಮಗುವಿಗೆ ಬೇಸರ ತರಿಸುತ್ತದೆ. ವಿಷಯವಾರು ಮಟ್ಟ ಬದಲಿಸಿಕೊಡುವವರಿದ್ದರೆ ಮಾತ್ರ ಸೆಟ್ ಕೊಳ್ಳಿ.

ಇನ್ನು ದಿನಗಳ ಲೆಕ್ಕ. ವರ್ಷಕ್ಕೆ 36 ವಾರ, ವಾರಕ್ಕೆ ನಾಲ್ಕು ದಿನ ಎಂದರೆ 144 ದಿನ. ‘120 ಪಾಠ’ ಎಂದು ಬರೆದಿರುವ ಗಣಿತದ ಪುಸ್ತಕ ಇದರೊಳಗೆ ಆರಾಮವಾಗಿ ಮುಗಿಯುತ್ತದೆ ಎನಿಸುತ್ತದೆ. ಪುಟ ತಿರುವಿದರೆ ಪ್ರತಿ ಐದು ಪಾಠಕ್ಕೊಂದು ಪರೀಕ್ಷೆ, ಅಂದರೆ ಇನ್ನೂ 24 ದಿನ. ಒಟ್ಟು 144. ಜ್ವರಕ್ಕೆ, ನೆಂಟರಿಗೆ, ಅರ್ಥವಾಗದ ಪಾಠವನ್ನು ಎರಡನೇ ಸಲ ಹೇಳಿಕೊಡುವುದಕ್ಕೆ ಒಂದು ದಿನವೂ ಉಳಿಯಲಿಲ್ಲ. ಇಂಥ ಪುಸ್ತಕವನ್ನು ವಾರಕ್ಕೆ ಐದು ದಿನ ನಡೆಸಬೇಕು, ಇಲ್ಲವೇ ಪರೀಕ್ಷೆಯ ದಿನವೇ ಮುಂದಿನ ಪಾಠ ಶುರು ಮಾಡಬೇಕು. ಯಾವುದೆಂದು ಕೊಳ್ಳುವಾಗಲೇ ತೀರ್ಮಾನಿಸಿ. ಯೋಜನೆಯ ಪುಸ್ತಕದಲ್ಲಿ ಪಾಠದ ಮುಂದೆ ತಾರೀಕು ಬರೆಯಬೇಡಿ, ಪಾಠದ ಸಂಖ್ಯೆ ಮಾತ್ರ ಬರೆಯಿರಿ. ತಾರೀಕು ಬರೆದರೆ ಒಂದು ದಿನ ತಪ್ಪಿದಾಗ ಮುಂದಿನದ್ದನ್ನೆಲ್ಲ ಒರೆಸಿ ಬರೆಯಬೇಕಾಗುತ್ತದೆ.

ಬಹಳಷ್ಟು ಜನ ಎಡವುವುದು ಗಂಟೆಯ ಲೆಕ್ಕದಲ್ಲಿ. ಆರು ವಿಷಯ, ಒಂದೊಂದಕ್ಕೆ 40 ನಿಮಿಷ ಎಂದರೆ ನಾಲ್ಕು ಗಂಟೆ. ಒಂದು ಮಗುವಿಗೆ ಇದು ಸರಿಹೋಯಿತು. ಬೇರೆ ಬೇರೆ ಮಟ್ಟದ ಇಬ್ಬರು ಮಕ್ಕಳಿದ್ದರೆ ಕಲಿಸುವವರಿಗೆ ಎಂಟು ಗಂಟೆಯಾಯಿತು, ಅದು ನಡೆಯುವ ಮಾತಲ್ಲ. ಗಣಿತ, ಓದು, ಬರವಣಿಗೆ ಈ ಮೂರನ್ನು ಬೇರೆ ಬೇರೆಯಾಗಿಯೇ ಕಲಿಸಬೇಕು. ವಿಜ್ಞಾನ, ಇತಿಹಾಸ, ಭೂಗೋಳಕ್ಕೆ ಇಬ್ಬರಿಗೂ ಸೇರಿ ಒಂದೇ ಪುಸ್ತಕ ಸಾಕು. ಕೇಳಿದ್ದನ್ನು ದೊಡ್ಡದು ಬರೆಯಲಿ, ಚಿಕ್ಕದು ಚಿತ್ರ ಬಿಡಿಸಿ ಬಾಯಲ್ಲಿ ಹೇಳಲಿ. ಈ ಮೂರು ವಿಷಯಗಳೂ ಪ್ರತಿದಿನ ಬೇಕಿಲ್ಲ, ದಿನಕ್ಕೊಂದು ಸಾಕು. ಬೇರೆಯಾಗಿ ಕಲಿಸುವ ಮೂರು ವಿಷಯಗಳಿಗೆ ಇಬ್ಬರಿಂದ 240 ನಿಮಿಷ. ಅದರಲ್ಲಿ ದೊಡ್ಡ ಮಗು ಪ್ರತಿ ವಿಷಯಕ್ಕೂ 20 ನಿಮಿಷ ತಾನೇ ಅಭ್ಯಾಸ ಮಾಡುವಾಗ ನೀವು ಚಿಕ್ಕದರ ಜೊತೆಗಿದ್ದರೆ 60 ನಿಮಿಷ ಉಳಿಯಿತು. ಜೊತೆಯಾಗಿ ಕಲಿಸುವ ವಿಷಯಕ್ಕೆ 40 ಕೂಡಿಸಿ. ಒಟ್ಟು 220 ನಿಮಿಷ, ಮೂರು ಗಂಟೆ 40 ನಿಮಿಷ. ಈ ಉಳಿತಾಯ ಕೈಗೆ ಸಿಗಬೇಕಾದರೆ ದೊಡ್ಡ ಮಗುವಿನ ಪುಸ್ತಕದಲ್ಲಿ ಸೂಚನೆಗಳು ಮಗುವನ್ನೇ ಉದ್ದೇಶಿಸಿ ಇರಬೇಕು. ಎಲ್ಲವನ್ನೂ ಶಿಕ್ಷಕರ ಕೈಪಿಡಿಯಿಂದಲೇ ಓದಿ ಹೇಳಬೇಕಾದ ಸರಣಿ ತಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಮಾದರಿ ಪುಟ ನೋಡುವಾಗ ವಿದ್ಯಾರ್ಥಿಯ ಬಣ್ಣಬಣ್ಣದ ಪುಟಕ್ಕಿಂತ ಶಿಕ್ಷಕರ ಕೈಪಿಡಿಯನ್ನೇ ಹೆಚ್ಚು ಹೊತ್ತು ನೋಡಿ, ದಿನವೂ ಕೈಯಲ್ಲಿ ಹಿಡಿಯಬೇಕಾದದ್ದು ಅದನ್ನೇ. ಅದರಲ್ಲಿ ‘20 ನಿಮಿಷ’ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಪಾಠದ ಹೊತ್ತು ಮಾತ್ರ. ತಯಾರಿ, ಕತ್ತರಿಸಿ ಅಂಟಿಸುವ ಕೆಲಸ, ತಿದ್ದುವುದು ಅದರಲ್ಲಿ ಸೇರಿರುವುದಿಲ್ಲ. ಗಣಿತದಲ್ಲಿ ಉತ್ತರಗಳಷ್ಟೇ ಇವೆಯೋ, ಬಿಡಿಸಿದ ಹಂತಗಳೂ ಇವೆಯೋ ನೋಡಿ. ಹತ್ತು ವರ್ಷದ ಮೇಲಿನ ಮಕ್ಕಳಿಗೆ ಹಂತಗಳಿರುವುದೇ ಬೇಕು. ಉತ್ತರ 42 ಆಗಬೇಕಾಗಿದ್ದು 48 ಆಯಿತೆಂದು ಗೊತ್ತಾದರೆ ಸಾಲದು, ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಹುಡುಕಬೇಕಲ್ಲ.

ಗಣಿತದ ಸರಣಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಗುಣಾಕಾರ ಹಿಡಿದರೆ ಅದು ಪೂರ್ತಿ ಕೈವಶವಾಗುವವರೆಗೆ ಅದೇ. ಇನ್ನೊಂದರಲ್ಲಿ ಇಂದು ಗುಣಾಕಾರ, ನಾಳೆ ಗಡಿಯಾರ, ನಾಡಿದ್ದು ಉದ್ದಳತೆ, ವಾರ ಬಿಟ್ಟು ಮತ್ತೆ ಗುಣಾಕಾರ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ನೆನಪಿನ ಪ್ರಯೋಗಗಳಿಂದ ಹಿಡಿದು ಇಂದಿನವರೆಗೆ ಕಂಡುಬಂದದ್ದು, ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದೇ. ಆದರೆ ದಿನಕ್ಕೊಂದು ವಿಷಯ ಬದಲಾದರೆ ಗೊಂದಲಕ್ಕೆ ಬೀಳುವ ಮಕ್ಕಳೂ ಇದ್ದಾರೆ. ಅಂಥವರಿಗೆ ಮೊದಲನೆಯ ಜಾತಿಯದ್ದನ್ನೇ ತೆಗೆದುಕೊಂಡು, ದಿನವೂ ಹಳೆಯ ಅಧ್ಯಾಯಗಳಿಂದ ಐದು ಲೆಕ್ಕ ನೀವೇ ಬರೆದುಕೊಟ್ಟರೆ ಎರಡರ ಲಾಭವೂ ಸಿಗುತ್ತದೆ. ಯಾವುದಾದರೂ ಸರಿ, ನಡುವರ್ಷದಲ್ಲಿ ಗಣಿತದ ಸರಣಿ ಬದಲಿಸಬೇಡಿ. ಪಾಠಗಳ ಅನುಕ್ರಮ ಬೇರೆಯಾದ್ದರಿಂದ ಒಂದು ವಿಷಯ ಎರಡು ಸಲ ಬರುತ್ತದೆ, ಇನ್ನೊಂದು ಎರಡರಲ್ಲೂ ತಪ್ಪಿಹೋಗುತ್ತದೆ. ತಪ್ಪಿದ್ದು ಮುಂದಿನ ವರ್ಷ ಅದರ ಮೇಲೆ ಕಟ್ಟಿದ ಪಾಠ ಬಂದಾಗಲೇ ಗೊತ್ತಾಗುವುದು. ವಿಜ್ಞಾನ, ಇತಿಹಾಸಕ್ಕೆ ಈ ಭಯ ಅಷ್ಟಿಲ್ಲ. ಹಾಗಾಗಿ ಗಣಿತವನ್ನು ವರ್ಷಕ್ಕೆ ಪೂರ್ತಿ ಕೊಂಡು, ಉಳಿದವನ್ನು ಮೊದಲ ಅವಧಿಗೆ ಮಾತ್ರ ಕೊಳ್ಳುವುದು ಜಾಣತನ.

ಹಳೆಯ ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪಠ್ಯಪುಸ್ತಕ, ಅಭ್ಯಾಸ ಪುಸ್ತಕ, ಉತ್ತರ ಪುಸ್ತಕ ಮೂರೂ ಒಂದೇ ಆವೃತ್ತಿಯವಾಗಿರಬೇಕು. ಇಲ್ಲದಿದ್ದರೆ ‘ಪುಟ 64ರ ಮೂರನೇ ಲೆಕ್ಕ’ ಎಂದು ಕೈಪಿಡಿ ಹೇಳುವುದು ಒಂದು, ಪುಟದಲ್ಲಿರುವುದು ಇನ್ನೊಂದು. ಮುಖಪುಟ ನೋಡಿದರೆ ಇದು ತಿಳಿಯದು, ಒಂದೇ ಚಿತ್ರ ಎರಡು ಆವೃತ್ತಿಗಳಲ್ಲಿ ಇರಬಹುದು. ಮೂರರ ಐಎಸ್‌ಬಿಎನ್ ಸಂಖ್ಯೆಗಳನ್ನೂ (ಪ್ರತಿ ಪುಸ್ತಕಕ್ಕೂ ಪ್ರತಿ ಆವೃತ್ತಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಮಾರುವವರಿಂದ ಕೇಳಿ ಪಡೆದು ಪ್ರಕಾಶಕರ ಪಟ್ಟಿಯ ಜೊತೆ ಹೋಲಿಸಿ. 2007ರಿಂದ ಈ ಸಂಖ್ಯೆಗೆ 13 ಅಂಕಿ, ಅದಕ್ಕೂ ಮೊದಲು ಹತ್ತೇ ಇತ್ತು. ಹತ್ತಂಕಿ ಮಾತ್ರ ಕಂಡರೆ ಆ ಮುದ್ರಣ ಎಷ್ಟು ಹಳೆಯದೆಂದು ಅಲ್ಲೇ ತಿಳಿಯಿತು. ಬರೆದು ಅಳಿಸಿದ ಅಭ್ಯಾಸ ಪುಸ್ತಕವನ್ನು ಎಷ್ಟೇ ಅಗ್ಗವಾದರೂ ಬಿಡಿ, ಪೆನ್ಸಿಲ್ ಒತ್ತಿದ ಗುರುತಿನಲ್ಲಿ ಉತ್ತರ ಹಾಗೇ ಓದಲು ಸಿಗುತ್ತದೆ.

ಪಿಡಿಎಫ್ ಅಗ್ಗ ಎನ್ನುವವರು ಮುದ್ರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. 140 ಪಾಠ, ಪಾಠಕ್ಕೆ ಮೂರು ಪುಟ ಎಂದರೆ 420 ಪುಟ. ಎರಡೂ ಬದಿ ಮುದ್ರಿಸಿದರೆ 210 ಹಾಳೆ. 500 ಹಾಳೆಯ ಒಂದು ರೀಮಿನಲ್ಲಿ ಇಂಥ ಎರಡು ವಿಷಯ ಮುಗಿದು ಸ್ವಲ್ಪ ಉಳಿಯುತ್ತದೆ. ಎಡ ಅಂಚಿನಲ್ಲಿ ಎರಡು ಸೆಂಟಿಮೀಟರ್ ಬಿಡದೆ ಮುದ್ರಿಸಿದರೆ ಪಂಚಿಂಗ್ ಯಂತ್ರದ ತೂತು ಲೆಕ್ಕದ ಸಂಖ್ಯೆಯ ಮೇಲೇ ಬೀಳುತ್ತದೆ. ಹಿಂಬದಿಯ ಪುಟದಲ್ಲಿ ಆ ಅಂಚು ಬಲಕ್ಕೆ ಬರಬೇಕು ಎಂಬುದನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಎಲ್ಲ ಮುದ್ರಿಸಿ ಆಮೇಲೆ ತಿಂಗಳುಗಟ್ಟಲೆ ಮುಟ್ಟದೆ ಇಡುವವರಿಗೆ ಇಂಕ್‌ಜೆಟ್ ಪ್ರಿಂಟರ್ ತಕ್ಕದ್ದಲ್ಲ, ಅದರ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಲೇಸರ್‌ನಲ್ಲಿರುವುದು ಒಣ ಪುಡಿ, ಆ ಗೋಜಿಲ್ಲ. ಪ್ರತಿ ಮಾಡಿಕೊಳ್ಳಲು ಇರುವ ಅನುಮತಿ ಒಂದು ಮಗುವಿಗೋ ಇಡೀ ಮನೆಗೋ ಎಂಬುದನ್ನು ಷರತ್ತುಗಳಲ್ಲಿ ಓದಿಕೊಳ್ಳಿ.

ಸಾಮಗ್ರಿಗಳಲ್ಲಿ ಮೊದಲ ಸ್ಥಾನ ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ಎಣಿಸಲು ಬಳಸುವ ಗಣಿತದ ದಿಮ್ಮಿಗಳಿಗೆ. ಒಂದರ ಬಿಡಿ, ಹತ್ತರ ಕಡ್ಡಿ, ನೂರರ ಚಪ್ಪಟೆ ಇರುವ ದೊಡ್ಡ ಸೆಟ್ ತರುವ ಅಗತ್ಯವಿಲ್ಲ. ಎರಡು ಸಂಖ್ಯೆ ಕೂಡಿಸುವಾಗ ಒಂದು ಸ್ಥಾನದಲ್ಲಿ ಹೆಚ್ಚೆಂದರೆ 9ಕ್ಕೆ 9 ಸೇರಿ 18 ಆಗುತ್ತದೆ. ಆದ್ದರಿಂದ 20 ಬಿಡಿ, 20 ಕಡ್ಡಿ, 10 ಚಪ್ಪಟೆ ಇದ್ದರೆ ಮೊತ್ತ ಸಾವಿರ ಮೀರದ ಮೂರಂಕಿ ಲೆಕ್ಕಗಳೆಲ್ಲ ನಡೆಯುತ್ತವೆ. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್ ರೂಪಿಸಿದ ಬಣ್ಣದ ಕಡ್ಡಿಗಳು ಒಂದರಿಂದ ಹತ್ತು ಸೆಂಟಿಮೀಟರ್‌ವರೆಗೆ ಬರುತ್ತವೆ, 74 ಕಡ್ಡಿಗಳ ಚಿಕ್ಕ ಸೆಟ್ ಒಂದು ಮಗುವಿಗೆ ಧಾರಾಳ. ಎರಡೂ ಬೇಕೆನಿಸಿದರೆ ಬಿಡಿ ದಿಮ್ಮಿಯ ಬದಿ ಒಂದು ಸೆಂಟಿಮೀಟರ್ ಇರುವುದನ್ನೇ ಆರಿಸಿ, ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಬಹುದು. ಲೆಕ್ಕ ಬರೆಯಲು ಚಿಕ್ಕವರಿಗೆ ಒಂದು ಸೆಂಟಿಮೀಟರ್ ಚೌಕುಳಿಯ ಹಾಳೆ ಕೊಡಿ. ಕಳೆಯುವ ಲೆಕ್ಕದ ಎಷ್ಟೋ ತಪ್ಪುಗಳು ಅಂಕಿಗಳು ಒಂದರ ಕೆಳಗೊಂದು ಬಾರದೆ ಆಗುವಂಥವು.

ಸ್ಕೇಲು ಕೊಳ್ಳುವಾಗ ಸೊನ್ನೆ ಎಲ್ಲಿದೆ ನೋಡಿ. ಕೆಲವದರಲ್ಲಿ ತುದಿಯಿಂದ ನಾಲ್ಕೈದು ಮಿಲಿಮೀಟರ್ ಬಿಟ್ಟು ಸೊನ್ನೆಯ ಗೆರೆ ಇರುತ್ತದೆ. ಮಗು ತುದಿಯನ್ನೇ ಗೆರೆಗೆ ಹಚ್ಚಿ ಅಳೆದು, ಪ್ರತಿ ಉತ್ತರವೂ ಅರ್ಧ ಸೆಂಟಿಮೀಟರ್ ಕಡಿಮೆ ಬಂದು, ದೋಷ ಮಗುವಿನ ತಲೆಗೆ ಬರುತ್ತದೆ. ಎಡಗೈ ಮಗುವಿಗೆ ಎಡಗೈ ಕತ್ತರಿಯನ್ನೇ ಕೊಡಿ. ಬಲಗೈಯದನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಡಕ್ಕೆ ಅಲಗುಗಳು ಒಂದರಿಂದೊಂದು ದೂರ ಸರಿದು, ಕಾಗದ ಕತ್ತರಿಸುವ ಬದಲು ಮಡಚಿ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲ ಬರವಣಿಗೆಗೆ ಎಚ್‌ಬಿಗಿಂತ 2ಬಿ ಪೆನ್ಸಿಲ್ ಒಳ್ಳೆಯದು, ಅಷ್ಟಾಗಿ ಒತ್ತದೆಯೂ ಗೆರೆ ಕಪ್ಪಗೆ ಮೂಡುತ್ತದೆ. ಕನ್ನಡ ಬರೆಯಲು ನಾಲ್ಕು ಗೆರೆಯ ಇಂಗ್ಲಿಷ್ ಕಾಪಿ ಪುಸ್ತಕ ಬೇಡ, ಅಗಲ ಅಂತರದ ಒಂದೇ ಗೆರೆಯ ಪುಸ್ತಕ ಕೊಡಿ. ಒತ್ತಕ್ಷರ ಇಳಿಯಲು ಗೆರೆಯ ಕೆಳಗೆ ಜಾಗ ಬೇಕು. ಇಲ್ಲದಿದ್ದರೆ ‘ಸ್ತ್ರೀ’ಯಂಥ ಪದದ ಕೆಳಭಾಗ ಮುಂದಿನ ಸಾಲಿನ ಗುಡಿಸುಗಳ ಮೇಲೆ ಕೂರುತ್ತದೆ.

ವಿಜ್ಞಾನಕ್ಕೆ ಸಿದ್ಧ ಕಿಟ್ ತರುವ ಮೊದಲು ಪುಸ್ತಕದ ಪ್ರಯೋಗಗಳನ್ನು ವಾರವಾರು ಬರೆದು, ಮನೆಯಲ್ಲಿ ಇಲ್ಲದ್ದನ್ನಷ್ಟೇ ಗುರುತು ಮಾಡಿ. ಸಾಮಾನ್ಯವಾಗಿ ಕೊನೆಗೆ ಉಳಿಯುವುದು ಭೂತಗನ್ನಡಿ, ಥರ್ಮಾಮೀಟರ್, 100 ಮಿಲಿಲೀಟರ್ ಅಳತೆ ಜಾಡಿ, ಪಟ್ಟಿ ಅಯಸ್ಕಾಂತ, ಲಿಟ್ಮಸ್ ಕಾಗದ, ಅಯೋಡಿನ್ ದ್ರಾವಣ ಇಷ್ಟೇ. ಬೀಜ ಮೊಳೆಯಿಸುವ ಪಾಠಕ್ಕೆ ವಾರ ಮೊದಲೇ ನೆನೆಹಾಕಬೇಕಾದೀತು, ಅದನ್ನೂ ಪಟ್ಟಿಯಲ್ಲಿ ಬರೆದಿಡಿ. ಸೂಕ್ಷ್ಮದರ್ಶಕದ ಡಬ್ಬಿಯ ಮೇಲಿನ ‘1200 ಪಟ್ಟು’ ಎಂಬ ಮಾತಿಗೆ ಮರುಳಾಗಬೇಡಿ. 10 ಪಟ್ಟಿನ ನೇತ್ರಮಸೂರ, 4, 10, 40 ಪಟ್ಟಿನ ವಸ್ತುಮಸೂರಗಳು ಇದ್ದರೆ 40, 100, 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಈರುಳ್ಳಿ ಸಿಪ್ಪೆಯ ಕೋಶಗಳನ್ನು ನೋಡಲು ನೂರು ಪಟ್ಟೇ ಸಾಕು. ಅದಕ್ಕಿಂತ ಮುಖ್ಯ ಗಾಜಿನ ಮಸೂರ ಮತ್ತು ಜಾರದ ಫೋಕಸ್ ತಿರುಪು. ಚಿಕ್ಕ ಮಕ್ಕಳಿರುವ ಮನೆಗೆ ಗುಂಡು ಆಕಾರದ ಬಲವಾದ ಅಯಸ್ಕಾಂತಗಳನ್ನು, ಬಟನ್ ಬ್ಯಾಟರಿ ಸುಲಭವಾಗಿ ಕಳಚಿಬರುವ ಸಾಮಾನುಗಳನ್ನು ತರಲೇಬೇಡಿ. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಕರುಳಿನ ಪದರಗಳ ಆಚೀಚೆಯಿಂದ ಅಂಟಿಕೊಂಡು ತೂತು ಮಾಡಬಲ್ಲವು. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುಡುತ್ತದೆ.

ಪಾರ್ಸೆಲ್ ಬಂದ ದಿನವೇ ತೆರೆದು, ಬಿಲ್ಲಿನ ಪಟ್ಟಿಯ ಜೊತೆ ಒಂದೊಂದನ್ನೂ ತಾಳೆ ನೋಡಿ. ಹಾಳೆಗಳನ್ನು ಕಂತೆಕಂತೆಯಾಗಿ ಮಡಚಿ ಹೊಲಿದೋ ಅಂಟಿಸಿಯೋ ಬೈಂಡ್ ಮಾಡುವುದರಿಂದ, ಪುಟ ತಪ್ಪಿದರೆ ಒಂದೆರಡಲ್ಲ, ಒಮ್ಮೊಮ್ಮೆ ಹದಿನಾರರ ಇಡೀ ಕಂತೆಯೇ ಬಿಟ್ಟುಹೋಗಿರುತ್ತದೆ ಅಥವಾ ತಲೆಕೆಳಗಾಗಿ ಸೇರಿರುತ್ತದೆ. ಪುಟಸಂಖ್ಯೆಗಳನ್ನು ಸರಸರ ತಿರುವಿ ನೋಡಲು ಎರಡು ನಿಮಿಷ ಸಾಕು. ಮರಳಿಸುವ ಅವಧಿ ಮುಗಿದು, ಹನ್ನೆರಡನೇ ವಾರದಲ್ಲಿ ಪುಟ 96ರ ನಂತರ 113 ಬಂದರೆ ಕೇಳುವವರಿರುವುದಿಲ್ಲ. ಈ ಪರಿಶೀಲನೆ ಮುಗಿಯುವವರೆಗೆ ಮಗುವಿನ ಹೆಸರು ಬರೆಯುವುದು, ರಕ್ಷಾಕಾಗದ ಹಾಕುವುದು ಬೇಡ.

ಇಂತಿ,
ನಿಮ್ಮ ಓದುಗ