ಬರೀ ಮೇಷ್ಟ್ರನ್ನು ಬೈದರೆ ಆಗಲ್ಲ

ಸಂಪಾದಕರೇ,

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಪಾಸಾದವರು ದಕ್ಷಿಣ ಕನ್ನಡದಲ್ಲಿ ಶೇ 91, ಕಲಬುರಗಿಯಲ್ಲಿ ಶೇ 42. ಬೈಗುಳ ಮಾತ್ರ ಮೇಷ್ಟ್ರಿಗೆ. ನಮ್ಮ ಕಡೆ ಸುಗ್ಗಿ ಮುಗಿದರೆ ಅಪ್ಪ-ಅಮ್ಮ ಬೆಂಗಳೂರು, ಮುಂಬೈ ಅಂತ ಗುಳೆ ಹೋಗುತ್ತಾರೆ, ಹತ್ತನೇ ಕ್ಲಾಸಿನ ಹುಡುಗಿ ನೀರು ತಂದು, ತಮ್ಮ-ತಂಗಿಯರಿಗೆ ರೊಟ್ಟಿ ಬಡಿದು, ಅಜ್ಜಿಯನ್ನೂ ನೋಡಿಕೊಂಡು ಆಮೇಲೆ ಪುಸ್ತಕ ಹಿಡಿಯಬೇಕು. ಟ್ಯೂಷನ್‌ಗೆ ಹೋಗುವ ಮಗುವಿಗೂ ಇವಳಿಗೂ ಒಂದೇ ಪ್ರಶ್ನೆಪತ್ರಿಕೆ, ಅಲ್ವಾ? ಬಿಸಿಯೂಟ, ಮೊಟ್ಟೆ ಕೊಟ್ಟಿದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಗುಳೆಯ ತಿಂಗಳುಗಳಲ್ಲಾದರೂ ಸಂಜೆ ಶಾಲೆಯ ಒಂದು ಕೋಣೆ ತೆರೆದಿಡಿ. ಲೈಟು, ಒಬ್ಬ ಟೀಚರ್, ರಾತ್ರಿ ಊಟ, ಇಷ್ಟಿರಲಿ. ಈ ವರ್ಷವೇ ಶುರು ಮಾಡಿ.

– ಒಬ್ಬ ಓದುಗ, ಕಲಬುರಗಿ ಜಿಲ್ಲೆ