ಗೆಳೆಯನಿಗೊಂದು ಪತ್ರ: ಹೊಸ ರೂಲ್‌ಬುಕ್ಕಿಗೆ ಹೋಗು, ಆದರೆ ಈಗಲೇ ಬೇಡ

ಗೆಳೆಯಾ,

ದಾಳ ಹಾಕುತ್ತಾ ಪಾತ್ರಗಳಾಗಿ ಕತೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹೊಸ ರೂಲ್ ಪುಸ್ತಕಗಳಿಗೆ ಹೋಗೋದಾ ಬೇಡವಾ ಅಂತ ಕೇಳಿದ್ದೆಯಲ್ಲ. ಹೋಗು. ಆದರೆ ಈಗ ನಡೀತಿರೋ ಕ್ಯಾಂಪೇನ್, ಅಂದರೆ ನೀವು ಆಡ್ತಿರೋ ಉದ್ದ ಕತೆ, ಮುಗಿಸಿಕೊಂಡು ಹೋಗು.

ಇದನ್ನು ಆರನೇ ಎಡಿಷನ್ ಅಂತ ಕೆಲವರು ಕರೆಯುತ್ತಾರೆ. ಹಾಗೇನಿಲ್ಲ. 2014ರ ಐದನೇ ಎಡಿಷನ್ನನ್ನೇ ತಿದ್ದಿ ತಂದಿದ್ದಾರೆ ಅಷ್ಟೆ. ಪ್ಲೇಯರ್ಸ್ ಹ್ಯಾಂಡ್‌ಬುಕ್ 2024ರ ಸೆಪ್ಟೆಂಬರ್‌ನಲ್ಲಿ ಬಂತು, ಡಂಜನ್ ಮಾಸ್ಟರ್ಸ್ ಗೈಡ್ ನವೆಂಬರ್‌ನಲ್ಲಿ, ಮಾನ್‌ಸ್ಟರ್ ಮ್ಯಾನುಯಲ್ 2025ರ ಫೆಬ್ರವರಿಯಲ್ಲಿ. ಹಳೆಯ ಅಡ್ವೆಂಚರ್ ಪುಸ್ತಕಗಳನ್ನು ಹೊಸ ರೂಲ್ಸ್ ಇಟ್ಟುಕೊಂಡೂ ಆಡಿಸಬಹುದು. ನೀನು ಕೂಡಿಸಿಟ್ಟಿದ್ದೆಲ್ಲ ದಂಡ ಆಗಲ್ಲ, ಹೆದರಬೇಡ.

ತಲೆನೋವು ಇರುವುದೇ ಈ ಹೋಲಿಕೆಯಲ್ಲಿ. ಹೆಸರು ಅದೇ, ಒಳಗಿನ ರೂಲ್ ಬೇರೆ. ಎದುರಾಳಿಯ ಮಂತ್ರವನ್ನು (ಸ್ಪೆಲ್) ತಡೆಯುವ ಕೌಂಟರ್‌ಸ್ಪೆಲ್ ತಗೋ. ಹಳೆಯದರಲ್ಲಿ ಎದುರಾಳಿಯ ಸ್ಪೆಲ್ ಮೂರನೇ ಲೆವೆಲ್ಲಿನ ಒಳಗಿದ್ದರೆ ಸುಮ್ನೆ ಹಾರಿಹೋಗುತ್ತಿತ್ತು, ದಾಳ ಹಾಕುವ ಮಾತೇ ಇಲ್ಲ. ಹೊಸದರಲ್ಲಿ ಎದುರಾಳಿ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಗಟ್ಟಿತನದ ಮೇಲೆ ತಪ್ಪಿಸಿಕೊಳ್ಳೋಕೆ ಹಾಕುವ ದಾಳ) ಹಾಕುತ್ತಾನೆ. ಗೆದ್ದರೆ ಅವನ ಸ್ಪೆಲ್ ನಡೆಯುತ್ತದೆ, ಸೋತರೂ ಅವನ ಸ್ಲಾಟ್ (ಸ್ಪೆಲ್ ಹಾಕೋಕೆ ಇರುವ ಕೋಟಾ) ಖರ್ಚಾಗುವುದಿಲ್ಲ. ಈಗ ನಿನ್ನ ಗುಂಪಿನ ವಿಝರ್ಡ್ (ಮಂತ್ರವಾದಿ ಪಾತ್ರ) ಹಳೆಯ ಪುಸ್ತಕ ಹಿಡಿದು, ಪಕ್ಕದ ಇನ್ನೊಬ್ಬ ಮಂತ್ರವಾದಿ ಸಾರ್ಸರರ್ ಹೊಸದು ಹಿಡಿದು ಕೂತರೆ? ಪ್ರತಿ ಫೈಟ್‌ನಲ್ಲೂ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ. ನಿಮ್ಮ ಗುಂಪಿನಲ್ಲಿ ರೂಲ್ಸ್ ವಾದಕ್ಕೆ ಜನ ಕಮ್ಮಿ ಇದ್ದಾರೆ ಅಂತ ನನಗೇನೂ ಅನ್ನಿಸಿಲ್ಲ.

ಹಾಗಾದರೆ ಎಲ್ಲರೂ ಒಟ್ಟಿಗೆ ಬದಲಿಸಿಬಿಡೋಣ ಅಂತೀಯಾ? ಆಗ ಯಾರಿಗೆ ಲಾಭ, ಯಾರಿಗೆ ಲುಕ್ಸಾನು ಅಂತ ನೋಡಬೇಕಾಗುತ್ತದೆ.

ನಿಮ್ಮ ಫೈಟರ್ ಕುಣಿದಾಡುತ್ತಾನೆ. ವೆಪನ್ ಮಾಸ್ಟರಿ ಅಂತ ಬಂದಿದೆ, ಒಂದೊಂದು ಆಯುಧಕ್ಕೂ ಅದರದೇ ಒಂದು ಪಟ್ಟು. ಅವನ ಕೈಲಿರೋ ದೊಡ್ಡ ಸುತ್ತಿಗೆ ಮಾಲ್‌ಗೆ ಟಾಪಲ್, ಅಂದರೆ ಬೀಳಿಸೋದು. ಏಟು ಬಿದ್ದಾಗ ಶತ್ರು ಕಾನ್‌ಸ್ಟಿಟ್ಯೂಷನ್ ಸೇವ್ ಹಾಕಬೇಕು, ತಪ್ಪಿದರೆ ನೆಲಕ್ಕೆ. ಐದನೇ ಲೆವೆಲ್, ಸ್ಟ್ರೆಂತ್ 18 ಅಂದರೆ ಶತ್ರು ಮುಟ್ಟಬೇಕಾದ ಅಂಕ (ಡಿಸಿ) 15, ಒಂದು ಟರ್ನ್‌ನಲ್ಲಿ ಎರಡು ಏಟು. ಬಿದ್ದವನಿಗೆ ಹತ್ತಿರದಿಂದ ಹೊಡೆಯುವವರಿಗೆಲ್ಲ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದು ತಗೋಳೋದು). ಆದರೆ ದೂರದಿಂದ ಬಾಣ ಬಿಡುವ ರೇಂಜರ್‌ಗೆ ಡಿಸ್ಅಡ್ವಾಂಟೇಜ್, ಅಂದರೆ ಚಿಕ್ಕದು! 'ಲೋ, ಅವನನ್ನ ಬೀಳಿಸಬೇಡ ಮಾರಾಯ' ಅಂತ ಅವಳು ಕೂಗುವುದು ಗ್ಯಾರಂಟಿ. ಬರೀ 'ಹೊಡೆದೆ, ಮುಗೀತು' ಅಂತಿದ್ದ ಫೈಟರ್‌ಗೆ ಯೋಚನೆ ಮಾಡೋಕೆ ಏನಾದರೂ ಸಿಕ್ಕಿತಲ್ಲ, ನನಗೆ ಅದೇ ಖುಷಿ. ಆಟ ಕೊಂಚ ನಿಧಾನ ಆಗುತ್ತದೆ, ಪ್ರತಿ ಏಟಿಗೂ ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಇನ್ನೊಂದು ದಾಳ ಎತ್ತಬೇಕು. ಆ ಡಿಎಂ ನೀನು.

ದೈವಭಕ್ತ ಯೋಧ ಪ್ಯಾಲಡಿನ್ ಮಾತ್ರ ಮುಖ ಊದಿಸಿಕೊಳ್ಳುತ್ತಾನೆ. ಏಟಿನ ಪೆಟ್ಟು ಹೆಚ್ಚಿಸುವ ಹಳೆಯ ಡಿವೈನ್ ಸ್ಮೈಟ್ ಪ್ರತಿ ಏಟಿಗೂ ನಡೆಯುತ್ತಿತ್ತು, ಸ್ಲಾಟ್ ಇದ್ದರೆ ಸಾಕು. ಈಗ ಅದು ಬೋನಸ್ ಆ್ಯಕ್ಷನ್ (ಟರ್ನ್‌ಗೆ ಒಂದೇ ಸಿಗುವ ಹೆಚ್ಚುವರಿ ಸಣ್ಣ ಕೆಲಸ) ಕೇಳುವ ಒಂದು ಸ್ಪೆಲ್. ಟರ್ನ್‌ಗೆ ಒಂದೇ ಸಲ, ಮೇಲಾಗಿ ಕೌಂಟರ್‌ಸ್ಪೆಲ್‌ಗೂ ಸಿಗುತ್ತದೆ. ಕೈಯಿಟ್ಟು ಗಾಯ ವಾಸಿ ಮಾಡುವ ಲೇ ಆನ್ ಹ್ಯಾಂಡ್ಸ್ ಕೂಡ ಬೋನಸ್ ಆ್ಯಕ್ಷನ್ ಆಗಿದೆ. ಕೇಳೋಕೆ ಚೆನ್ನಾಗಿದೆ, ಆದರೆ ಒಂದೇ ಟರ್ನ್‌ನಲ್ಲಿ ಸ್ಮೈಟೂ ಮಾಡಿ ಗೆಳೆಯನನ್ನೂ ಎಬ್ಬಿಸುವ ಹಾಗಿಲ್ಲ. ಬ್ಯಾಲೆನ್ಸ್ ಲೆಕ್ಕದಲ್ಲಿ ಇದು ಸರಿಯೇ. ಆದರೂ ಇಷ್ಟು ದಿನ ಆಡಿಕೊಂಡು ಬಂದ ಕ್ಯಾರೆಕ್ಟರ್‌ನ ಕೈ ನಡುದಾರಿಯಲ್ಲಿ ಕಟ್ಟಿದರೆ ಅವನಿಗೆ ಹೇಗಿರುತ್ತೆ, ಅಲ್ವಾ?

ಡ್ರೂಯಿಡ್ ವಿಷಯದಲ್ಲಿ ನನಗೆ ಕರುಣೆ ಇಲ್ಲ. ಕಾಂಜ್ಯೂರ್ ಅನಿಮಲ್ಸ್ ಹಾಕಿ ಎಂಟು ತೋಳ ಕರೆದು, ಎಂಟಕ್ಕೂ ದಾಳ ಉರುಳಿಸುತ್ತಾ ಕೂತರೆ ಉಳಿದವರು ಆಕಳಿಸಬೇಕು. ಹೊಸದರಲ್ಲಿ ಅದು ಜೊತೆಗೇ ಸಾಗುವ ಒಂದು ಮಾಯಾ ಹಿಂಡು, ಹತ್ತಿರ ಬಂದ ಶತ್ರು ಸೇವ್ ಹಾಕುತ್ತಾನೆ, ಮುಗೀತು. ಇದೊಂದಕ್ಕೇ ಪುಸ್ತಕ ಕೊಳ್ಳಬಹುದು ಅನ್ನೋನು ನಾನು.

ಕ್ಯಾಂಪೇನ್ ಮುಗಿಯುವವರೆಗೆ ಸಣ್ಣಪುಟ್ಟದ್ದನ್ನು ಈಗಲೇ ಎರವಲು ತಗೋ. ಪೋಷನ್ ಕುಡಿಯೋದು ಬೋನಸ್ ಆ್ಯಕ್ಷನ್. ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಸ್ಪೆಲ್‌ಗೆ ಎಂಟು ಮುಖದ ಒಂದು ದಾಳದ (1ಡಿ8) ಬದಲು ಎರಡು (2ಡಿ8). ಎಕ್ಸಾಶನ್‌ನ (ದಣಿವಿನ) ಆ ಉದ್ದ ಪಟ್ಟಿ ಬಿಟ್ಟು, ದಣಿವಿನ ಒಂದೊಂದು ಲೆವೆಲ್ಲಿಗೆ ಇಪ್ಪತ್ತು ಮುಖದ ದಾಳದ (ಡಿ20) ರೋಲ್‌ನಲ್ಲಿ 2 ಕಳೆ, ಓಟದಲ್ಲಿ 5 ಅಡಿ ಕಳೆ, ಆರಕ್ಕೆ ಸಾವು. ಇವು ಯಾರ ಕ್ಯಾರೆಕ್ಟರ್ ಶೀಟನ್ನೂ ಕೆಡಿಸುವುದಿಲ್ಲ. ಕ್ಲಾಸ್‌ಗಳನ್ನು (ಫೈಟರ್, ಪ್ಯಾಲಡಿನ್ ಥರದ ಪಾತ್ರದ ಬಗೆಗಳನ್ನು) ಮಾತ್ರ ಮುಟ್ಟಬೇಡ.

ದುಡ್ಡು ಹಾಕೋಕೆ ಮುಂಚೆ 2025ರ ಏಪ್ರಿಲ್‌ನಲ್ಲಿ ಬಿಟ್ಟ ಎಸ್‌ಆರ್‌ಡಿ 5.2 (ಹೊಸ ರೂಲ್ಸ್‌ನ ಮೂಲ ಭಾಗ) ಇಳಿಸಿಕೋ, ಪುಕ್ಕಟೆ. ಒಂದು ಕ್ಲಾಸ್‌ಗೆ ಒಂದೇ ಸಬ್‌ಕ್ಲಾಸ್ (ಒಳಬಗೆ) ಇದೆ, ಆದರೆ ವೆಪನ್ ಮಾಸ್ಟರಿ ಎಲ್ಲಾ ಇದೆ. ಅದನ್ನಿಟ್ಟುಕೊಂಡು ಒಂದು ಸಂಜೆ ಹೊಸ ಕ್ಯಾರೆಕ್ಟರ್‌ಗಳ ಒನ್-ಶಾಟ್ ಆಡಿಸು. ಅವತ್ತು ನಿಮ್ಮ ಪ್ಯಾಲಡಿನ್ ಕೈಗೆ ಫೈಟರ್ ಕೊಟ್ಟು ನೋಡು.

ಇಂತಿ ನಿನ್ನ ಗೆಳೆಯ