ಪೈಪೋಟಿ ಇಟ್ಟುಕೊಂಡೇ ಜೊತೆಗೆ ಬಂದವರಿಗೆ

ನಮ್ಮ ಬ್ಯಾಲೆನ್ಸಿಂಗ್ ಕೆಲಸದವರ ಸಂಘ ಕೊನೆಗೂ ನೋಂದಣಿಯಾಯಿತು. ಮೊದಲ ಸರ್ವಸದಸ್ಯರ ಸಭೆಯೂ ಮುಗಿಯಿತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ಎಲ್ಲರೂ ಕುರ್ಚಿ ಬಿಟ್ಟು ಏಳೋಕೆ ಕಾಯುತ್ತಿದ್ದರು, ಎರಡೇ ಮಾತಲ್ಲಿ ಮುಗಿಸಿಬಿಟ್ಟೆ. ಅಲ್ಲಿ ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಏನು ಅಂತ ಗೊತ್ತಿಲ್ಲದವರೇ ಜಾಸ್ತಿ. ಫ್ಯಾನು, ಪಂಪಿನ ಇಂಪೆಲ್ಲರ್, ಮೋಟರಿನ ರೋಟರ್, ಟರ್ಬೈನು, ಹೀಗೆ ತಿರುಗುವ ಯಾವುದೇ ಭಾಗ ಇರಲಿ, ಅದರ ಒಂದು ಬದಿ ತುಸು ಭಾರವಾದರೂ ಯಂತ್ರ ನಡುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಆ ಭಾರ ಎಲ್ಲಿದೆ, ಎಷ್ಟಿದೆ ಅಂತ ಅಳೆದು, ಎದುರು ಬದಿಗೆ ತೂಕ ಕೂರಿಸುತ್ತೇವೆ. ಇಲ್ಲವೇ ಭಾರ ಇರುವ ಕಡೆ ಕೊರೆದು ತೆಗೆಯುತ್ತೇವೆ. 100 ಕಿಲೋ ರೋಟರ್ ಇರುವ ಒಂದು ಫ್ಯಾನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಫ್ಯಾನುಗಳಿಗೆ ಸಾಮಾನ್ಯವಾಗಿ ಹಿಡಿಯುವ ಜಿ 6.3 ದರ್ಜೆಯಲ್ಲಿ ಅದರಲ್ಲಿ ಉಳಿಯುವ ಅಸಮತೋಲಕ್ಕೆ, ಅಂದರೆ ಹೆಚ್ಚಿನ ಭಾರವನ್ನು ನಡುವಿನಿಂದ ಅದರ ದೂರಕ್ಕೆ ಗುಣಿಸಿದ್ದಕ್ಕೆ, ಸುಮಾರು 2000 ಗ್ರಾಂ-ಮಿಲಿಮೀಟರ್‌ವರೆಗೆ ಅವಕಾಶವಿದೆ. ನಡುವಿನಿಂದ 200 ಮಿ.ಮೀ. ದೂರದಲ್ಲಿ ಅದು ಬರೀ 10 ಗ್ರಾಂ. ಆದರೆ ಆ ವೇಗದಲ್ಲಿ ಆ 10 ಗ್ರಾಂ, 20 ಕಿಲೋ ತೂಗುಹಾಕಿದಷ್ಟು ಬಲವಾಗಿ ಶಾಫ್ಟನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ 50 ಸಲ ದಿಕ್ಕು ಸುತ್ತುತ್ತಾ. ಇದು ಪಾಸಾದ ಜಾಬಿನ ಲೆಕ್ಕ. ಫೇಲಾಗಿದ್ದು ಹೇಗಿರುತ್ತದೆ ಅಂತ ನೀವೇ ಊಹಿಸಿ.

ಇಂಥ ಕೆಲಸ ಮಾಡುವವರು ಕೆಲವೇ ಜನ. ಎಲ್ಲರಿಗೂ ಪಾರ್ಟಿಗಳು, ಅಂದರೆ ಗಿರಾಕಿಗಳು, ಅವರೇ. ಒಂದೇ ಜಾಬಿಗೆ ನಾನೂ ಕೊಟೇಷನ್ ಕೊಡುತ್ತೇನೆ, ಪಕ್ಕದ ಕುರ್ಚಿಯವರೂ ಕೊಡುತ್ತಾರೆ. ಅಂಥವರು ಸೇರಿ ಸಂಘ ಕಟ್ಟೋದು ಅಂದರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲ ಕೆಲವು ಸಭೆಗಳು ಹಾಗೇ ನಡೆದವು.

ಎಲ್ಲರನ್ನೂ ಒಂದು ಮೇಜಿಗೆ ತಂದಿದ್ದು ಶಾಫ್ಟಿನ ಕೀ, ಅಂದರೆ ಶಾಫ್ಟಿಗೆ ಕೂರಿಸಿದ ಭಾಗ ಜಾರದಂತೆ ನಡುವೆ ಹಾಕುವ ಲೋಹದ ತುಂಡು. ಇದನ್ನು ಮೊದಲು ಎತ್ತಿ ಆಡಿದ ಹಿರಿಯರಿಗೆ ನನ್ನ ಮೊದಲ ನಮಸ್ಕಾರ. ಮೋಟರಿನ ಶಾಫ್ಟನ್ನು ಒಂದು ಕಡೆ ಬ್ಯಾಲೆನ್ಸ್ ಮಾಡುತ್ತಾರೆ, ಅದನ್ನು ಬೇರೆ ಯಂತ್ರಕ್ಕೆ ಸೇರಿಸುವ ಕಪ್ಲಿಂಗನ್ನು ಇನ್ನೊಂದು ಕಡೆ. ಎರಡರ ನಡುವೆ ಕೂರುವ ಕೀ ತೂಕ ಯಾರ ಲೆಕ್ಕಕ್ಕೆ? ಅರ್ಧ ಕೀ ಪದ್ಧತಿಯಲ್ಲಿ ಇಬ್ಬರೂ ಅರ್ಧರ್ಧ ಹೊರುತ್ತಾರೆ. ಪೂರ್ಣ ಕೀ ಪದ್ಧತಿಯಲ್ಲಿ ಪೂರ್ತಿ ಶಾಫ್ಟಿನದೇ. ಒಬ್ಬರು ಪೂರ್ಣ ಹಿಡಿದು ಇನ್ನೊಬ್ಬರು ಅರ್ಧ ಹಿಡಿದರೆ, ಎರಡು ರಿಪೋರ್ಟೂ ಸರಿಯಾಗೇ ಇರುತ್ತವೆ, ಜೋಡಿಸಿದ ಯಂತ್ರ ಮಾತ್ರ ನಡುಗುತ್ತದೆ! ಆಮೇಲೆ ಅವರ ಮೇಲೆ ಇವರು, ಇವರ ಮೇಲೆ ಅವರು. ಇದಕ್ಕೆ ಅರ್ಧ ಕೀ ಅಂತ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 1989ರಲ್ಲೇ ನಿಯಮ ಮಾಡಿದೆ. ಯಾವ ಪದ್ಧತಿ ಅಂತ ಶಾಫ್ಟಿನ ತುದಿಯಲ್ಲಿ ಎಚ್ (ಅರ್ಧ), ಎಫ್ (ಪೂರ್ಣ) ಅಥವಾ ಎನ್ (ಕೀ ಇಲ್ಲದೆ) ಅಕ್ಷರ ಒತ್ತಬೇಕು ಅಂತಲೂ ಇದೆ. ಹಳೇ ಮೋಟರುಗಳಲ್ಲಿ ಆ ಅಕ್ಷರ ಇರಲ್ಲ, ಹೊಸದರಲ್ಲಿ ಇದ್ದರೂ ಯಾರೂ ನೋಡಲ್ಲ. "ನಾವು ದರದಲ್ಲಿ ಜಗಳ ಆಡೋಣ ಕಣ್ರಯ್ಯ, ಕೀಯಲ್ಲಿ ಯಾಕೆ?" ಅಂದರು ಆ ಹಿರಿಯರು. ಅವತ್ತು ಎದ್ದು ಹೋಗಲು ಬ್ಯಾಗ್ ಹೆಗಲಿಗೆ ಹಾಕಿದ್ದವರೂ ಮತ್ತೆ ಕೂತರು.

ಬೈಲಾ ಬರೆದುಕೊಟ್ಟ ವಕೀಲರಿಗೆ ದೊಡ್ಡ ಥ್ಯಾಂಕ್ಸ್. ದರದ ಮಾತನ್ನು ನಮ್ಮ ಬಾಯಿಂದಲೇ ಕಿತ್ತುಹಾಕಿದ್ದು ಅವರು. ಒಂದೇ ಕಸುಬಿನವರು ಸೇರಿ ಇಷ್ಟಕ್ಕಿಂತ ಕಡಿಮೆಗೆ ಮಾಡಬಾರದು ಅಂತ ತೀರ್ಮಾನಿಸಿದರೆ ಬಹಳಷ್ಟು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಪಾರ್ಟಿಗಳನ್ನು ಹಂಚಿಕೊಳ್ಳುವುದೂ ಅಷ್ಟೇ. ನಮ್ಮಲ್ಲಿ ಕೆಲವರು ಸಂಘಕ್ಕೆ ಬಂದಿದ್ದೇ ಆ ಆಸೆಯಿಂದ ಅಂತ ನನ್ನ ಗುಮಾನಿ. ಈಗ ಪ್ರತಿ ಸಭೆಯ ಶುರುವಿನಲ್ಲಿ "ಇಲ್ಲಿ ದರ, ಕೊಟೇಷನ್, ಪಾರ್ಟಿಗಳ ವಿಚಾರ ಮಾತಾಡುವಂತಿಲ್ಲ" ಅಂತ ಓದುತ್ತೇವೆ. ಯಾರಾದರೂ ಮರೆತು ಶುರು ಮಾಡಿದರೆ ಅಧ್ಯಕ್ಷರು ಪೆನ್ನಿನಿಂದ ಮೇಜು ಕುಟ್ಟುತ್ತಾರೆ.

ಮಷೀನ್ ಮಾರುವ ಕಂಪನಿಯವರಿಗೆ ಓಟು ಇರಬೇಕಾ ಅನ್ನುವ ಜಗಳದಲ್ಲಿ ನನ್ನ ವಿರುದ್ಧ ನಿಂತವರಿಗೂ ಥ್ಯಾಂಕ್ಸ್. ಕಂಪನಿಯವರಿಗೆ ಸದಸ್ಯತ್ವ ಇದೆ, ಓಟಿಲ್ಲ. ಅಂಗಡಿ ಚಿಕ್ಕದಿರಲಿ ದೊಡ್ಡದಿರಲಿ, ಉಳಿದ ಸದಸ್ಯರಿಗೆ ಒಂದೊಂದೇ ಓಟು. ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ನಿಯಮ ನಿಯಮವೇ.

ಈಗ ರೋಟರಿನ ವಿಷಯ. ಇದಕ್ಕೇ ನಾನು ಹೆಚ್ಚು ಋಣಿ. ಹಲವು ಕಡೆ ತೂತು ಕೊರೆದ ಒಂದು ಪರೀಕ್ಷಾ ರೋಟರನ್ನು ಸದಸ್ಯರೊಬ್ಬರು ತಮ್ಮ ಕೈಯಿಂದಲೇ ಮಾಡಿಸಿಕೊಟ್ಟರು. ಆ ತೂತುಗಳಿಗೆ ತೂಕ ಗೊತ್ತಿರುವ ಬೋಲ್ಟ್ ಹಾಕಿ, ಕಾಣದಂತೆ ಮುಚ್ಚಳ ಹಾಕಿ, ಅಂಗಡಿಯಿಂದ ಅಂಗಡಿಗೆ ಕಳಿಸೋದು. ಎಲ್ಲರೂ ತಮ್ಮ ಮಷೀನಿನಲ್ಲಿ ಅಳೆದು, ಭಾರ ಎಷ್ಟು, ಯಾವ ಕೋನದಲ್ಲಿ ಅಂತ ಬರೆದು ಕೊಡಬೇಕು. ಪೈಪೋಟಿಯವರ ಮುಂದೆ ತನ್ನ ಮಷೀನಿನ ಯೋಗ್ಯತೆ ತೋರಿಸೋದು ಸುಮ್ನೆ ಮಾತಲ್ಲ. ಹೆಸರಿನ ಬದಲು ಅಕ್ಷರ ಕೊಟ್ಟು ಫಲಿತಾಂಶ ಪ್ರಕಟಿಸೋಣ ಅಂತ ಒಪ್ಪಂದವಾಯಿತು.

ಪಟ್ಟಿ ಪರದೆ ಮೇಲೆ ಬಂತು. ಭಾರದಲ್ಲಿ ಎಲ್ಲರೂ ಹೆಚ್ಚುಕಮ್ಮಿ ಹತ್ತಿರ. ಕೋನದಲ್ಲಿ ಬಹುತೇಕ ಎಲ್ಲರದೂ 40 ಡಿಗ್ರಿ ಆಸುಪಾಸು. 'ಸಿ' ಅನ್ನುವವರದು ಮಾತ್ರ 320. ಹಾಲ್ ಗಪ್‌ಚುಪ್. ಆಗ ನಮ್ಮಲ್ಲೇ ದೊಡ್ಡ ಅಂಗಡಿಯವರು ಎದ್ದು, "ಸಿ ಅಂದ್ರೆ ನಾವೇ. ಯಾಕೆ ಹಿಂಗಾಯ್ತು ನೋಡೋಣ ಬನ್ನಿ" ಅಂದರು. ನೋಡಿದರೆ ಅಳತೆ ತಪ್ಪೇ ಅಲ್ಲ. ಅವರು ಕೋನವನ್ನು ರೋಟರ್ ತಿರುಗುವ ದಿಕ್ಕಿನಲ್ಲಿ ಎಣಿಸಿದ್ದರು, ಉಳಿದವರು ಎದುರು ದಿಕ್ಕಿನಲ್ಲಿ. 360ರಲ್ಲಿ 40 ಕಳೆದರೆ 320. ಜಾಗ ಅದೇ! ಅವರು ಸುಮ್ಮನೆ ಕೂತಿದ್ದರೆ ನಾವು ಅದನ್ನು ಯಾರದೋ ಕೆಟ್ಟ ಮಷೀನು ಅಂತ ಬದಿಗಿಡುತ್ತಿದ್ದೆವು. ಸಾರ್, ಆ ಒಂದು ಮಾತಿಗೆ ಸಂಘ ನಿಮಗೆ ಸಾಲಗಾರ.

ಅದರಿಂದಲೇ ನಮ್ಮ ಒಂದು ಪುಟದ ರಿಪೋರ್ಟ್ ನಮೂನೆ ಹುಟ್ಟಿತು. ವೇಗ, ದರ್ಜೆ, ತೂಕ ಹಾಕಿದ ಪ್ಲೇನು (ರೋಟರಿನ ಉದ್ದದಲ್ಲಿ ಯಾವ ಅಡ್ಡಸಾಲು ಅಂತ), ತ್ರಿಜ್ಯ, ಉಳಿದ ಅಸಮತೋಲ, ಕೀ ಪದ್ಧತಿ, ಮತ್ತೆ ಮೇಲೆ ಬಲಗಡೆ ತಿರುಗುವ ದಿಕ್ಕಿಗೆ ಒಂದು ಬಾಣ. ಬಾಣ ಬೇಕೇ ಬೇಕು ಅಂತ ಹಟ ಹಿಡಿದವರು ಮಷೀನಿನ ಮುಂದೆ ನಿಲ್ಲುವ ಹುಡುಗರು, ಮಾಲೀಕರಲ್ಲ. ಐಎಸ್‌ಒ 1940 ಅನ್ನುವ ದರ್ಜೆಗಳ ಮಾನಕ ಹೋಗಿ 2016ರಲ್ಲೇ 21940-11 ಬಂದಿದೆ, ಹಳೇ ನಂಬರ್ ಹಾಕಬೇಡಿ ಅಂತ ತಿದ್ದಿದವರೂ ಅವರೇ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರವರ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು.

ಲೆಕ್ಕಪತ್ರ ನೋಡಿಕೊಂಡವರಿಗೆ, ಹಾಲ್ ಬಿಟ್ಟುಕೊಟ್ಟವರಿಗೆ, "ಇವತ್ತೂ ಮೀಟಿಂಗಾ?" ಅಂತ ಕೇಳಿಯೂ ಬಾಗಿಲು ತೆರೆದ ಮನೆಯವರಿಗೆ ಥ್ಯಾಂಕ್ಸ್. ಇನ್ನೂ ಸೇರದವರಿಗೆ ಬಾಗಿಲು ತೆರೆದೇ ಇದೆ. ನಮೂನೆ ಬಳಸೋಕೆ ಸದಸ್ಯರಾಗಲೇಬೇಕು ಅಂತೇನೂ ಇಲ್ಲ, ಕೇಳಿದರೆ ಕಳಿಸುತ್ತೇವೆ.

ರೋಟರ್ ಎರಡನೇ ಸುತ್ತಿಗೆ ಹೊರಟಿದೆ. ಈ ಸಲ ಎರಡೂ ಪ್ಲೇನಿನಲ್ಲಿ ಬೋಲ್ಟ್ ಇವೆ, ಸ್ವಲ್ಪ ಕಷ್ಟ ಇದೆ. ಯಾರ ಹತ್ತಿರ ಬರುತ್ತದೋ ಅವರು ಮೊದಲು ಮುಚ್ಚಳದ ಮೇಲಿನ ಸೀಲ್ ನೋಡಿ. ಒಡೆದಿದ್ದರೆ, ಬೋಲ್ಟ್ ಸಡಿಲವಾಗಿದ್ದರೆ, ನೀವೇ ಬಿಗಿ ಮಾಡೋಕೆ ಹೋಗಬೇಡಿ. ಹೊಸ ಬೋಲ್ಟಂತೂ ಹಾಕಲೇಬೇಡಿ. ಒಂದು ಫೋನ್ ಮಾಡಿ, ತೂಕ ಹಾಕಿದ ಬೋಲ್ಟನ್ನೇ ಕಳಿಸುತ್ತೇನೆ.